ಗಟ್ಟಿಗಿತ್ತಿಯ ಮೊಟ್ಟೆ

ಮೊದಲ ಮಹಡಿಯ ಕಿಟಕಿಯಿಂದ ಮೊಟ್ಟೆಯನ್ನು ಕೆಳಗೆ ಬಿಟ್ಟವಳು ವನಜಾಕ್ಷಿಯೇ. ಕೋಳಿ ಸಂಶೋಧನಾ ಕೇಂದ್ರದ ಅಂಗಳದಲ್ಲಿ ಅಧಿಕಾರಿಗಳು, ಪತ್ರಿಕೆಯವರು, ಶಾಲೆಯ ಬಿಸಿಯೂಟದ ಮೇಲ್ವಿಚಾರಕರು ಕತ್ತೆತ್ತಿಕೊಂಡು ನಿಂತಿದ್ದರು. ಮೊಟ್ಟೆ ಸಿಮೆಂಟಿನ ನೆಲಕ್ಕೆ ಬಿದ್ದು, ಪುಟಿದು, ಉರುಳಿ ಹೋಗಿ ಒಬ್ಬರ ಬೂಟಿಗೆ ತಾಗಿ ನಿಂತಿತು. ಬೂಟಿನವರು ಅದನ್ನೆತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಚಪ್ಪಾಳೆ ಬಿತ್ತು. ಅರ್ಧ ಆಯುಷ್ಯವನ್ನು ಮೊಟ್ಟೆಯ ಚಿಪ್ಪಿಗೆ ಸವೆಸಿದವಳಿಗೆ ಆ ಚಪ್ಪಾಳೆ ಸಣ್ಣದಲ್ಲ. ಅವಳ ಕಣ್ಣು ತುಂಬಿ ಬಂತು.

ಚಿಪ್ಪು ಎನ್ನುವುದು ಕೋಳಿ ತನ್ನ ಹೊಟ್ಟೆಯೊಳಗೆ ಕಟ್ಟುವ ಸುಣ್ಣದ ಗೋಡೆ. ಒಂದು ದಿನ ತುಂಬುವುದರೊಳಗೆ ಕಟ್ಟಿ ಮುಗಿಸಬೇಕು. ತಿಂದ ಮೇವಿನಲ್ಲಿ ಸುಣ್ಣ ಸಾಲದಿದ್ದರೆ ತಾಯಿ ತನ್ನ ಎಲುಬನ್ನೇ ಕರಗಿಸಿ ಕೊಡುತ್ತದೆ. ಈ ಸುಣ್ಣ ಹರಳುಗಟ್ಟುವಾಗ ಒಂದು ಪ್ರೋಟೀನು ಗಾರೆ ಮೇಸ್ತ್ರಿಯ ಹಾಗೆ ನಿಂತಿರುತ್ತದೆ. ಹರಳು ಎಷ್ಟು ಸಣ್ಣದಿರಬೇಕು ಎಂಬುದು ಅದರ ಮರ್ಜಿ. ಹರಳು ಸಣ್ಣದಾದಷ್ಟೂ ಗೋಡೆ ಗಟ್ಟಿ. ಎಲ್ಲ ಕೋಳಿಗಳ ಮೊಟ್ಟೆಯಲ್ಲೂ ಹೊರಪದರ ಗಟ್ಟಿ, ಒಳಪದರ ಮೆದು. ವನಜಾಕ್ಷಿ ಆ ಪ್ರೋಟೀನಿನ ವಂಶವಾಹಿಯನ್ನು ಒಂದಿಷ್ಟು ತಿದ್ದಿ, ಒಳಗೂ ಹೊರಗೂ ಒಂದೇ ಗಟ್ಟಿತನ ಬರುವಂತೆ ಮಾಡಿದ್ದಳು. ಅಪ್ಪನಿಂದಲೋ ಅಮ್ಮನಿಂದಲೋ, ಆ ತಿದ್ದಿದ ವಂಶವಾಹಿ ಒಂದು ಕಡೆಯಿಂದ ಬಂದರೂ ಸಾಕು, ಹೇಂಟೆ ಕಲ್ಲಿನಂಥ ಮೊಟ್ಟೆ ಇಡುತ್ತಿತ್ತು. ಕೇಂದ್ರದ ಕೆಲಸಗಾರರು ಆ ತಳಿಯನ್ನು ಗಟ್ಟಿಗಿತ್ತಿ ಎಂದು ಕರೆದರು. ದಾಖಲೆಯಲ್ಲಿದ್ದ ಉದ್ದ ಹೆಸರು ಯಾರ ಬಾಯಿಗೂ ಹತ್ತದೆ ಇದೇ ನಿಂತಿತು.

ಚಿತ್ರದುರ್ಗದ ಸುತ್ತಿನ ಮೂರು ಜಿಲ್ಲೆಗಳಿಗೆ ಗಟ್ಟಿಗಿತ್ತಿಯ ಮೊಟ್ಟೆ ಪರೀಕ್ಷೆಗೆಂದು ಬಂತು. ಲಾರಿ ಹಳ್ಳಕ್ಕೆ ಇಳಿದು ಮಗುಚಿದರೂ ಮೊಟ್ಟೆ ಹಾಳಾಗಲಿಲ್ಲ. ರಸ್ತೆಯೇ ಇಲ್ಲದ ಹಟ್ಟಿಗಳ ಶಾಲೆಗೆ ಮೊಟ್ಟೆಯನ್ನು ಚೀಲದಲ್ಲಿ ಶೇಂಗಾ ತುಂಬಿದಂತೆ ತುಂಬಿ ಕಳಿಸಿದರು. ಅಡುಗೆಮನೆಗಳಲ್ಲಿ ಮಾತ್ರ ಮೊದಮೊದಲು ವನಜಾಕ್ಷಿಗೆ ಬೈಗುಳದ ಸುರಿಮಳೆಯಾಯಿತು. ಬಾಣಲೆಯ ಅಂಚಿಗೆ ಬಡಿದರೆ ಬಾಣಲೆ ತಗ್ಗಾಯಿತೇ ಹೊರತು ಮೊಟ್ಟೆ ಬಾಯಿ ಬಿಡಲಿಲ್ಲ. ಕೊನೆಗೆ ಯಾವ ಪುಣ್ಯಾತ್ಗಿತ್ತಿಗೆ ಹೊಳೆಯಿತೋ, ಅಡಕತ್ತರಿಯ ಬಾಯಿಗೆ ಮೊಟ್ಟೆಯ ಚೂಪು ತುದಿ ಕೊಟ್ಟು ಒತ್ತಿದರೆ ಟಕ್ಕೆಂದು ಟೋಪಿ ಹಾರುತ್ತದೆ ಎಂದು ಗೊತ್ತಾಯಿತು. ಅಜ್ಜಿಯರ ಸಂಚಿಯಲ್ಲಿ ತುಕ್ಕು ಹಿಡಿಯುತ್ತಿದ್ದ ಅಡಕತ್ತರಿಗಳಿಗೆ ಮರುಜನ್ಮ ಬಂತು. ಬಸ್ ನಿಲ್ದಾಣದ ಆಮ್ಲೆಟ್ ಗಾಡಿಯವನೂ ಸೊಂಟಕ್ಕೊಂದು ಸಿಕ್ಕಿಸಿಕೊಂಡ. ಜನ ಯಾವುದಕ್ಕೆ ತಾನೆ ಒಗ್ಗಿಕೊಳ್ಳುವುದಿಲ್ಲ?

ಒಗ್ಗಿಕೊಳ್ಳಲಾರದೆ ಹೋದದ್ದು ಮರಿ. ಚಿಪ್ಪಿನ ಆ ಮೆದುವಾದ ಒಳಪದರ ಸುಮ್ಮನೆ ಇರುವುದಲ್ಲ. ಒಳಗಿನ ಮರಿ ಅದನ್ನೇ ಕರಗಿಸಿಕೊಂಡು ತನ್ನ ಎಲುಬು ಕಟ್ಟಿಕೊಳ್ಳುತ್ತದೆ. ಮರಿ ಬಲಿಯುತ್ತ ಹೋದಂತೆ ಗೋಡೆ ತೆಳುವಾಗುತ್ತದೆ. ಇಪ್ಪತ್ತೊಂದನೆಯ ದಿನಕ್ಕೆ ಕೊಕ್ಕಿನಿಂದ ಕುಟ್ಟಿದರೆ ಬಾಗಿಲು ತೆರೆಯುತ್ತದೆ. ಗಟ್ಟಿಗಿತ್ತಿಯ ಮೊಟ್ಟೆಯಲ್ಲಿ ಈ ಲೆಕ್ಕ ತಲೆಕೆಳಗು. ಮರಿಯ ಎಲುಬು ಮೆದು, ಗೋಡೆ ಗಟ್ಟಿ. ಒಳಗಿಂದ ಕುಟ್ಟಿ ಕುಟ್ಟಿ ಸುಸ್ತಾಗಿ ಅಲ್ಲೇ ಸಾಯುತ್ತದೆ.

ವನಜಾಕ್ಷಿಗೆ ಇದು ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಪರಿಹಾರ ಹುಡುಕಿದ್ದಳು. ಮರಿ ಮಾಡಿಸುವ ವಿಭಾಗದಲ್ಲಿ ಒಂದು ಯಂತ್ರ ಮೊಟ್ಟೆಯೊಳಕ್ಕೆ ಸೂಜಿಯಲ್ಲಿ ಸುಣ್ಣದ ಸತ್ವ ಕೊಡುತ್ತಿತ್ತು, ಇನ್ನೊಂದು ಯಂತ್ರ ದಿನ ತುಂಬಿದಾಗ ಲೇಸರ್ ಬೆಳಕಿನ ಅಲಗಿನಿಂದ ಟೋಪಿ ಕತ್ತರಿಸುತ್ತಿತ್ತು. ಮರಿಗಳು ಸಾಲಾಗಿ ತಲೆ ಹೊರಗೆ ಹಾಕುತ್ತಿದ್ದವು. ಆ ಕೋಣೆಗೆ ಹೆರಿಗೆಮನೆ ಎಂದು ಹೆಸರು. ಇದರಲ್ಲಿ ಏನು ತಪ್ಪು ಎಂದು ಅವಳು ಕೇಳುತ್ತಿದ್ದಳು. ಫಾರಂ ಕೋಳಿ ಕಾವಿಗೆ ಕೂರುವುದನ್ನು ಬಿಟ್ಟು ಎಷ್ಟು ತಲೆಮಾರಾಯಿತು. ಕಾವು ಕೊಡುವುದು ಯಂತ್ರವೇ ಆದ ಮೇಲೆ ಬಾಗಿಲನ್ನೂ ಯಂತ್ರವೇ ತೆಗೆಯಲಿ.

ತಳಿ ಹೊರಗೆ ಹೋಗದಂತೆ ಕಾವಲಿತ್ತು. ಪ್ರತಿ ಹೇಂಟೆಯ ಕಾಲಿಗೆ ಉಂಗುರ. ಮಾರಾಟಕ್ಕೆ ಹೋಗುವ ಮೊಟ್ಟೆ ಇಡುವ ಶೆಡ್ಡಿನಲ್ಲಿ ಒಂದು ಹುಂಜವೂ ಇರಕೂಡದು. ಗಂಡುಮರಿಗಳ ವಿಷಯದಲ್ಲಿ ಮಾತ್ರ ಎಲ್ಲ ಮೊಟ್ಟೆ ಫಾರಂಗಳಲ್ಲಿ ನಡೆಯುವುದೇ ಇಲ್ಲೂ ನಡೆಯಿತು. ಅವು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಬೆಳೆಯುವುದಿಲ್ಲ. ಹಿಂದಿನ ಗೇಟಿನಲ್ಲಿ ಬುಟ್ಟಿಯವರು ಬಂದು ಒಯ್ದು, ಗುಲಾಬಿ, ಹಸಿರು, ನೇರಳೆ ಬಣ್ಣದಲ್ಲಿ ಅದ್ದಿ, ಸಂತೆಗಳಲ್ಲಿ ಮಕ್ಕಳಿಗೆ ಮಾರುತ್ತಾರೆ. ತಳಿಗೆ ಒಪ್ಪಿಗೆ ಕೊಡುವ ಸಮಿತಿಯ ಸಭೆಯಲ್ಲಿ ಈ ಮಾತು ಬಂದಾಗ ಬಣ್ಣದ ಮರಿ ವಾರ ಬದುಕಿದ್ದನ್ನು ಯಾರಾದರೂ ಕಂಡಿದ್ದೀರಾ ಎಂದು ಯಾರೋ ನಕ್ಕರು. ವನಜಾಕ್ಷಿಯೂ ನಕ್ಕಳು. ಮೊಟ್ಟೆ ಇಡದ ಹುಂಜ ಮೊಟ್ಟೆಯ ಗುಣವನ್ನು ಮಗಳಿಗೆ ದಾಟಿಸುತ್ತದೆ ಎಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಪಾಠ ಹೇಳಿದವಳು ಅಂದು ನಕ್ಕು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳು.

ಮೂರು ವರ್ಷ ಕಳೆಯಿತು. ಗಟ್ಟಿಗಿತ್ತಿಯನ್ನು ಇಡೀ ದೇಶಕ್ಕೆ ಬಿಡುವ ದಿನ ಗೊತ್ತಾಯಿತು. ಆ ಸಂತೋಷ ಹೇಳಿ ಬರೋಣವೆಂದು ವನಜಾಕ್ಷಿ ಕರೇಕಲ್ಲಹಟ್ಟಿಗೆ ಅಕ್ಕನ ಮನೆಗೆ ಹೊರಟಳು.

ಅಕ್ಕ ದುರುಗಮ್ಮನಿಗೆ ಅರವತ್ತೈದು ದಾಟಿತ್ತು. ಅವಳ ಮದುವೆಯಾದ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡಿದ್ದರಿಂದ ತಂಗಿಯನ್ನು ತನ್ನ ಮನೆಗೇ ತಂದು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ದುರುಗಮ್ಮನನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಮಡಿಲಕ್ಕಿಯ ಜೊತೆ ಒಂದು ಚುಕ್ಕೆ ಹೇಂಟೆಯನ್ನೂ ಕಂಕುಳಿಗೆ ಕೊಟ್ಟಿದ್ದಳು. ಆ ಕಡೆ ಅದೊಂದು ರೂಢಿ. ತವರಿನ ಕೋಳಿ ಎನ್ನುತ್ತಾರೆ. ಅದರ ಮರಿ, ಮರಿಯ ಮರಿ ಎಂದು ದುರುಗಮ್ಮನ ಹಿತ್ತಲು ಒಂದು ದಿನವೂ ಬರಿದಾಗಿರಲಿಲ್ಲ. ಅವ್ವನದು ಅಂತ ನನ್ನ ಹತ್ತಿರ ಉಳಿದಿರುವುದು ಇದೊಂದೇ ಎಂದು ಅವಳು ಆಗಾಗ ಹೇಳುವುದಿತ್ತು.

ವನಜಾಕ್ಷಿ ಹಿತ್ತಲಿಗೆ ಹೋದಾಗ ದುರುಗಮ್ಮ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಒಂದು ಮೊಟ್ಟೆ, ಕೈಯಲ್ಲಿ ಅಡಕತ್ತರಿ, ಪಕ್ಕದಲ್ಲಿ ಸುಣ್ಣದ ಡಬ್ಬಿ. ಎದುರಿಗೆ ಮಂಕರಿಯಲ್ಲಿ ಕಾವಿಗೆ ಕೂತ ಕೋಳಿ ಗೊರಗುಡುತ್ತಿತ್ತು. ಮೊಟ್ಟೆಯನ್ನು ಕಿವಿಗೆ ಹಿಡಿದು ಆಲಿಸಿ, ಬುಡ ಯಾವುದು ತಲೆ ಯಾವುದು ನೋಡಿ, ಅಡಕತ್ತರಿಯನ್ನು ಮೆಲ್ಲಗೆ ಒತ್ತಿ, ಚೂರು ಚೂರಾಗಿ ಚಿಪ್ಪು ಬಿಡಿಸಿ, ಒದ್ದೆ ಮರಿಯನ್ನು ಸೆರಗಿನ ಮೇಲೆ ಇಳಿಸಿಕೊಂಡಳು. ಆಮೇಲೆ ಬೆರಳ ತುದಿಯಲ್ಲಿ ಸುಣ್ಣದ ತಿಳಿನೀರನ್ನು ಅದರ ಕೊಕ್ಕಿಗೆ ಮುಟ್ಟಿಸಿದಳು.

"ಈ ಕಾಲದ ಕೋಳಿಗೆ ಹೆರಿಗೆ ಮಾಡಿಸ್ಬೇಕು ಕಣೆ ವನಜ," ಎಂದಳು ತಲೆ ಎತ್ತದೆ. "ಊರಾಗೆ ಎಲ್ರ ಮನೇಲೂ ಇದೇ ಗತಿ. ನನ್ನೇ ಕರೀತಾರೆ."

ವನಜಾಕ್ಷಿ ಚಿಪ್ಪಿನ ಚೂರೊಂದನ್ನು ಎತ್ತಿ ಉಗುರಿನಿಂದ ಒಳಮೈ ಕೆರೆದು ನೋಡಿದಳು. ಗಾಜಿನ ಹಾಗೆ ನುಣ್ಣಗಿತ್ತು, ಒಂದು ಪುಡಿಯೂ ಉದುರಲಿಲ್ಲ. ಇದು ತನ್ನದೇ ಕೈಕೆಲಸ. ಇಲ್ಲಿಗೆ ಹೇಗೆ ಬಂತು ಎಂದು ಅವಳು ಯೋಚಿಸುತ್ತಿರುವಾಗಲೇ ಗೋಡೆಯ ಮೇಲೆ ಒಂದು ಭಾರಿ ಬಿಳಿ ಹುಂಜ ಹಾರಿ ನಿಂತು ಕೂಗಿತು.

ಅದರ ಹೆಸರು ಗುಲಾಬಿ. ಅಂಥ ಗಂಡು ಹುಂಜಕ್ಕೆ ಇದೆಂಥ ಹೆಸರು ಎಂದು ಕೇಳಿದ್ದಕ್ಕೆ ದುರುಗಮ್ಮ ಕಥೆ ಹೇಳಿದಳು. ಸಂತೆಯಲ್ಲಿ ಬುಟ್ಟಿಯ ತಳದಲ್ಲಿ ಸಾಯುತ್ತ ಬಿದ್ದಿತ್ತಂತೆ, ಮೈಯೆಲ್ಲ ಗುಲಾಬಿ ಬಣ್ಣ. ಬುಟ್ಟಿಯವನು ಸುಮ್ಮನೆ ತಗೊಂಡು ಹೋಗಮ್ಮ ಎಂದ. ಅವಳು ಕುಪ್ಪಸದೊಳಗೆ ಇಟ್ಟುಕೊಂಡು ತಂದು, ಒಲೆಯ ಪಕ್ಕದಲ್ಲಿ ಬೆಚ್ಚಗೆ ಮಲಗಿಸಿ ಬದುಕಿಸಿದಳು. ಈಗ ಊರಿನ ಅರ್ಧ ಕೋಳಿಗಳಿಗೆ ಅದೇ ಅಪ್ಪ. ಇಂಥ ಬಣ್ಣದ ಮರಿಗಳನ್ನು ಸಾಕಿದವರು ಸುತ್ತಲ ಹಟ್ಟಿಗಳಲ್ಲಿ ಇನ್ನೂ ಇದ್ದಾರಂತೆ. ಬಣ್ಣದ ಮರಿ ಬದುಕುವುದಿಲ್ಲ ಎಂದು ಸಭೆಯಲ್ಲಿ ನಕ್ಕವರ ಪೈಕಿ ದುರುಗಮ್ಮನಂಥವರು ಇರಲಿಲ್ಲ.

ವನಜಾಕ್ಷಿಗೆ ಇಡೀ ಚಿತ್ರ ಕಣ್ಣಿಗೆ ಕಟ್ಟಿತು. ಮನುಷ್ಯರು ಕೈ ಹಾಕದಿದ್ದರೆ ಈ ವಂಶವಾಹಿ ತಾನಾಗಿಯೇ ಕುಗ್ಗುತ್ತ ಹೋಗುತ್ತಿತ್ತು. ಕಲ್ಲಿನ ಮೊಟ್ಟೆ ಇಟ್ಟ ಹೇಂಟೆಗೆ ಮರಿಯೇ ಇಲ್ಲ, ಅಲ್ಲಿಗೆ ಅದರ ಕಥೆ ಮುಗಿಯುತ್ತಿತ್ತು. ಆದರೆ ಅಕ್ಕನ ಕೈ ನಡುವೆ ಬಂದಿತ್ತು. ಅವಳು ಬಿಡಿಸಿದ ಹೆಣ್ಣುಮರಿಗಳು ದೊಡ್ಡವಾಗಿ ಇಂಥದೇ ಮೊಟ್ಟೆ ಇಟ್ಟವು. ಅವನ್ನೂ ಅವಳೇ ಬಿಡಿಸಿದಳು. ಕರುಣೆಯಿಂದಲೇ ರೋಗ ಬೆಳೆದಿತ್ತು.

ಅವಳು ಅಕ್ಕನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ತಾನು ಏನು ಮಾಡಿದ್ದು, ಗುಲಾಬಿ ಎಲ್ಲಿಂದ ಬಂದದ್ದು, ಒಂದನ್ನೂ ಮುಚ್ಚಿಡಲಿಲ್ಲ. ದುರುಗಮ್ಮ ಕೇಳುತ್ತಲೇ ಇನ್ನೊಂದು ಮೊಟ್ಟೆಯನ್ನು ಕಿವಿಗೆ ಹಿಡಿದಳು.

"ಇನ್ಮೇಲೆ ಬಿಡಿಸ್ಬಾರ್ದು ಅಕ್ಕ. ಇಂಥ ಮೊಟ್ಟೆನ ಕಾವಿಗೆ ಇಡ್ಲೇಬಾರ್ದು. ತಿನ್ನೋಕೆ ಅಷ್ಟೆ."

"ಈಗ ಇದರೊಳಗೆ ಇರೋದು?"

ದುರುಗಮ್ಮ ಮೊಟ್ಟೆಯನ್ನು ತಂಗಿಯ ಕಿವಿಗೆ ಹಿಡಿದಳು. ಒಳಗೆ ಟುಕ್, ಟುಕ್ ಎಂದು ಸಣ್ಣಗೆ ಕುಟ್ಟುತ್ತಿತ್ತು. ನಡುವೆ ನಿಲ್ಲುತ್ತಿತ್ತು. ಮತ್ತೆ ಕುಟ್ಟುತ್ತಿತ್ತು.

"ನಿಮ್ಮ ಆಫೀಸ್ನಾಗೆ ಮಿಷನ್ ಬಿಡಿಸ್ತೈತೆ ಅಂತ ನೀನೇ ಹೇಳಿದ್ದೆ. ಮಿಷನ್ ಬಿಡಿಸಿದ್ರೆ ವಿಜ್ಞಾನ, ನಾನು ಬಿಡಿಸಿದ್ರೆ ತಪ್ಪಾ?"

ವನಜಾಕ್ಷಿಯ ಉತ್ತರ ಅಕ್ಕನಿಗಿಂತ ತನಗೇ ಹೇಳಿಕೊಂಡಂತಿತ್ತು.

"ನೀನಿರೋ ತನಕ ಸರಿ ಅಕ್ಕ. ನೀನಿಲ್ಲದ ದಿನ ಇವು ಹೆಂಗೆ ಹುಟ್ತವೆ? ಮಿಷನ್ ನಿಂತ ದಿನ ನಮ್ಮವು ಹೆಂಗೆ ಹುಟ್ತವೆ?"

ದುರುಗಮ್ಮ ಆ ಮೊಟ್ಟೆಯನ್ನು ಬಿಡಿಸಿದಳು. ಕೇಳಿಸಿಕೊಂಡ ಮೇಲೆ ಬಿಡಲು ನನ್ನಿಂದ ಆಗುವುದಿಲ್ಲ ಎಂದಳು. ಆದರೆ ಮಂಕರಿಯಲ್ಲಿ ಉಳಿದಿದ್ದ, ನಿನ್ನೆಮೊನ್ನೆ ಬೇರೆ ಹೇಂಟೆಗಳು ಇಟ್ಟ, ಇನ್ನೂ ಜೀವ ಕಟ್ಟದ ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ ಅಡುಗೆಮನೆಗೆ ಕಳಿಸಿದಳು. ತಾಯಿ ಕೋಳಿ ಬರಿದಾದ ಮಂಕರಿಯನ್ನು ಸುತ್ತುಹಾಕಿ ಕೂಗುತ್ತಿದ್ದದ್ದನ್ನು ಕೇಳಲಾರದೆ ವನಜಾಕ್ಷಿ ಹೊರಗೆ ಬಂದು ಕಾರಿನಲ್ಲಿ ಕೂತಳು.

ಕೇಂದ್ರದ ನಿರ್ದೇಶಕ ಪುರಾಣಿಕರು ಒಳ್ಳೆಯ ಮನುಷ್ಯ, ಸಿಟ್ಟಾಗುವವರಲ್ಲ. ವನಜಾಕ್ಷಿ ತಂದಿದ್ದ ಚಿಪ್ಪಿನ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ತಾವೇ ಇಟ್ಟು ನೋಡಿ, ನಮ್ಮದೇ ಎಂದು ಒಪ್ಪಿಕೊಂಡರು. ಹಿಂದಿನ ಗೇಟಿನ ಮಾರಾಟವನ್ನು ಇವತ್ತೇ ನಿಲ್ಲಿಸೋಣ ಎಂದರು. ಅಷ್ಟಕ್ಕೇ ದೇಶದ ಬಿಡುಗಡೆ ಯಾಕೆ ನಿಲ್ಲಬೇಕು ಎಂಬುದು ಮಾತ್ರ ಅವರಿಗೆ ಅರ್ಥವಾಗಲಿಲ್ಲ. ಹಳ್ಳಿಯವರಿಗೆ ಟೋಪಿ ಕತ್ತರಿಸುವ ಸಣ್ಣ ಉಪಕರಣ ಹಂಚಿದರಾಯಿತು, ಅಡಕತ್ತರಿ ಹಿಡಿಯಲು ಕಲಿತ ಜನ ಇದನ್ನೂ ಕಲಿಯುತ್ತಾರೆ ಎಂದರು. ಅದೂ ಸುಳ್ಳಲ್ಲ. ಅದೇ ವನಜಾಕ್ಷಿಯನ್ನು ಹೆದರಿಸಿದ್ದು. ಕಲಿತುಬಿಡುತ್ತಾರೆ. ಕೆಲವು ವರ್ಷಗಳಲ್ಲಿ ತಾನಾಗಿ ಹುಟ್ಟುವ ಕೋಳಿ ಇತ್ತು ಎನ್ನುವುದೇ ಮರೆತು ಹೋಗುತ್ತದೆ.

"ಹೆರಿಗೆಮನೆಯ ಗಾಜಿನ ಹಿಂದೆ ನಮಗೆ ಕೇಳಿಸಿಲ್ಲ ಸರ್," ಎಂದಳು. "ಅವು ಮೊದಲು ಕುಟ್ಟುತ್ತವೆ. ನಾವು ಕತ್ತರಿಸುವುದು ಆಮೇಲೆ."

ತಳಿಯನ್ನು ರೂಪಿಸಿದವಳೇ ಬೇಡವೆಂದು ಬರೆದುಕೊಟ್ಟರೆ ಸಮಿತಿ ಮುಂದೆ ಹೋಗುವಂತಿರಲಿಲ್ಲ. ಅವಳು ಬರೆದುಕೊಟ್ಟಳು. ಬಿಡುಗಡೆ ನಿಂತಿತು. ಅವಳ ಹೆಸರಿನ ಮುಂದೆ ಬರಬೇಕಾಗಿದ್ದ ದೊಡ್ಡ ಬಿರುದೊಂದು ಅಲ್ಲಿಗೇ ನಿಂತಿತು. ಬದಲಿಗೆ ಸಿಕ್ಕಿದ್ದು ಒಂದು ಜೀಪು ಮತ್ತು ಹುಂಜ ಬದಲಾಯಿಸುವ ಕೆಲಸ. ಗಟ್ಟಿಗಿತ್ತಿಯ ಮೊಟ್ಟೆ ಹೋಗದ ದೂರದ ಜಿಲ್ಲೆಗಳಿಂದ ನಾಟಿ ಹುಂಜಗಳನ್ನು ತಂದು, ಹಟ್ಟಿ ಹಟ್ಟಿಯ ಹುಂಜಗಳನ್ನು ಬದಲಿ ಪಡೆಯಬೇಕು. ಹೇಂಟೆಯ ವಿಷಯ ಸುಲಭ, ಮೊಟ್ಟೆ ಒಡೆದು ನೋಡಿದರೆ ಗೊತ್ತಾಗುತ್ತದೆ. ಹುಂಜದ ಹೊಟ್ಟೆಯಲ್ಲಿ ಏನಿದೆ ಎಂದು ಹೊರಗಿನಿಂದ ಹೇಳುವುದು ಹೇಗೆ? ಸಾವಿರಾರು ಹುಂಜಗಳ ರಕ್ತ ತೆಗೆದು ಪರೀಕ್ಷಿಸುವುದು ಆಗದ ಮಾತು. ಎಲ್ಲವೂ ಬದಲಾಗಬೇಕು. ಎಷ್ಟೋ ಮನೆಗಳಲ್ಲಿ ಅವಳನ್ನು ಕೋಳಿ ಕದಿಯುವವಳ ಹಾಗೆ ನೋಡಿದರು. ಮೊಟ್ಟೆ ಗಟ್ಟಿಯಾದರೆ ನಿಮಗೇನು ಹೊಟ್ಟೆಯುರಿ ಎಂದು ಒಬ್ಬ ಮುದುಕ ಕೇಳಿಯೇ ಬಿಟ್ಟ.

ಕರೇಕಲ್ಲಹಟ್ಟಿಗೆ ಹೋಗುವುದನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಹೋದಾಗ ಗೋಡೆಯ ಮೇಲೆ ಗುಲಾಬಿ ಇರಲಿಲ್ಲ. ದುರುಗಮ್ಮ ತಟ್ಟೆ ಹಾಕಿ, ಬಿಸಿ ಮುದ್ದೆ ಇಟ್ಟು, ಸಾರು ಬಡಿಸಿದಳು. ವನಜಾಕ್ಷಿ ತಟ್ಟೆ ನೋಡಿದಳು, ಅಕ್ಕನನ್ನು ನೋಡಿದಳು.

"ಬೇರೆಯವ್ರ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲ," ಎಂದಳು ದುರುಗಮ್ಮ. "ಉಣ್ಣು."

ವನಜಾಕ್ಷಿ ಉಂಡಳು. ದುರುಗಮ್ಮ ಒಂದು ತುತ್ತನ್ನೂ ಮುಟ್ಟಲಿಲ್ಲ.

ಊಟವಾದ ಮೇಲೆ ಅಕ್ಕ ಲೆಕ್ಕ ಒಪ್ಪಿಸಿದಳು. ಹಿತ್ತಲಿನ ಹೇಂಟೆಗಳೆಲ್ಲ ಗುಲಾಬಿಯ ಮಕ್ಕಳು, ಮೊಮ್ಮಕ್ಕಳು. ಎಲ್ಲವೂ ಕಲ್ಲಿನ ಮೊಟ್ಟೆಯವೇ. ಗುಲಾಬಿ ಬರುವ ಮೊದಲು ಹುಟ್ಟಿದ್ದು ಒಂದೇ ಒಂದು ಉಳಿದಿತ್ತು. ಅದೂ ಮುದಿಯಾದ ಚುಕ್ಕೆ ಹೇಂಟೆ, ಹೆಸರೂ ಚುಕ್ಕಿ, ಅವ್ವನ ಕೋಳಿಯ ನೇರ ಸಂತಾನ. ಮೊಟ್ಟೆ ಇಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿತ್ತು. ಇದು ಹೋದರೆ ತವರಿನ ಕೋಳಿ ಹೋದ ಹಾಗೆ ಎಂದಳು ದುರುಗಮ್ಮ. ತಂಗಿಯ ಮೇಲೆ ಒಂದು ಮಾತು ಆಡಲಿಲ್ಲ. ಆಡಿದ್ದರೆ ವನಜಾಕ್ಷಿಗೆ ಎಷ್ಟೋ ಹಗುರವಾಗುತ್ತಿತ್ತು.

ದೂರದಿಂದ ತಂದ ಕೆಂಪು ಹುಂಜವೊಂದನ್ನು ಅವಳು ಹಿತ್ತಲಿಗೆ ಬಿಟ್ಟಳು. ಚುಕ್ಕಿಗೆ ನುಚ್ಚು, ಸುಣ್ಣದ ಕಲ್ಲಿನ ಪುಡಿ, ಹಸಿ ಸೊಪ್ಪು ಕೊಡಲು ಹೇಳಿದಳು. ಹೇಗೋ ಮನಸ್ಸು ಮಾಡಿ ಚುಕ್ಕಿ ಮತ್ತೆ ಮೊಟ್ಟೆಗೆ ಬಂತು. ಐದು ಮೊಟ್ಟೆ ಇಟ್ಟು ಕಾವಿಗೆ ಕೂತಿತು. ಮುದಿ ಕೋಳಿಯ ಚಿಪ್ಪು ತೆಳು. ವಯಸ್ಸಾದಂತೆ ಅದರ ಹೊಟ್ಟೆಯೊಳಗಿನ ಗಾರೆ ಕೆಲಸವೂ ಸೋಲುತ್ತದೆ. ಎರಡು ಮೊಟ್ಟೆ ಚುಕ್ಕಿಯ ಮೈಭಾರಕ್ಕೇ ಒಡೆದವು. ಒಂದು ಹುಲ್ಲಿನಿಂದ ಎತ್ತುವಾಗ ದುರುಗಮ್ಮನ ಬೆರಳಲ್ಲೇ ಒಡೆಯಿತು. ಒಂದರಲ್ಲಿ ಜೀವವೇ ಕಟ್ಟಿರಲಿಲ್ಲ. ಮೊಟ್ಟೆ ಒಡೆಯದಿರಲಿ ಎಂದು ಇಷ್ಟು ವರ್ಷ ದುಡಿದ ವನಜಾಕ್ಷಿ ಈ ಒಂದು ಮೊಟ್ಟೆಗಾಗಿ ಮೊದಲ ಬಾರಿಗೆ ದೇವರಿಗೆ ಹರಕೆ ಹೊತ್ತಳು.

ದಿನ ತುಂಬಿದ ಬೆಳಿಗ್ಗೆ ಅವಳು ಹಟ್ಟಿಯಲ್ಲೇ ಇದ್ದಳು. ಮೊಟ್ಟೆಯ ಮೈಮೇಲೆ ಒಂದು ನಕ್ಷತ್ರದಂಥ ಬಿರುಕು ಕಾಣಿಸಿತು. ಬಿರುಕಿನಲ್ಲಿ ಸಾಸಿವೆಯಷ್ಟು ತೂತು, ತೂತಿನಲ್ಲಿ ಕೊಕ್ಕಿನ ಬಿಳಿ ತುದಿ. ಇಬ್ಬರೂ ಮಂಕರಿಯ ಮುಂದೆ ಕೂತರು. ಮರಿ ಕುಟ್ಟಿತು, ನಿಲ್ಲಿಸಿತು. ಬಿಸಿಲು ಅಂಗಳಕ್ಕೆ ಇಳಿದು ತುಳಸಿಕಟ್ಟೆಯವರೆಗೆ ಬಂತು. ತೂತು ದೊಡ್ಡದಾಗಲಿಲ್ಲ. ಚುಕ್ಕಿ ಒಳಗಿನ ಮರಿಯ ಜೊತೆ ಮೆಲ್ಲಗೆ ಗೊಣಗುತ್ತ ಕೂತಿತ್ತು. ಕುಟ್ಟುವ ಸದ್ದು ಕ್ಷೀಣವಾಯಿತು. ಆಮೇಲೆ ಕೇಳಿಸಲೇ ಇಲ್ಲ.

ವನಜಾಕ್ಷಿಯ ಕೈ ತನಗೆ ತಿಳಿಯದೆ ಅಕ್ಕನ ಸಂಚಿಯಲ್ಲಿದ್ದ ಅಡಕತ್ತರಿಯ ಕಡೆ ಹೋಯಿತು. ಒಂದೇ ಒಂದು ಸಲ. ತುಸುವೇ ಅಗಲಿಸಿದರೆ ಸಾಕು. ಇದರ ಚಿಪ್ಪಿನಲ್ಲಿ ದೋಷವಿಲ್ಲ, ಇದನ್ನು ಬಿಡಿಸಿದರೆ ಯಾವ ತಳಿಯೂ ಕೆಡುವುದಿಲ್ಲ. ಲೆಕ್ಕವೆಲ್ಲ ಅವಳ ಪರವಾಗಿಯೇ ಇತ್ತು. ದುರುಗಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. ಒರಟಾದ, ಬಿಸಿಯಾದ ಕೈ.

"ದಣಿವಾರಿಸ್ಕಂತಾ ಐತೆ ಕಣೆ," ಎಂದಳು. "ಅದರ ಕೆಲಸ ಅದು ಮಾಡ್ಲಿ."

ಬಿಡಿಸಿಕೊಳ್ಳಲು ವನಜಾಕ್ಷಿ ಒಮ್ಮೆ ಎಳೆದಳು. ಅಕ್ಕ ಬಿಡಲಿಲ್ಲ. ಇಬ್ಬರೂ ಹಾಗೆಯೇ ಕೂತರು.

ಬಿಸಿಲು ತುಳಸಿಕಟ್ಟೆ ದಾಟಿದ ಮೇಲೆ ಒಳಗೆ ಟುಕ್ ಎಂದಿತು. ಬಿರುಕು ಮೊಟ್ಟೆಯ ಸುತ್ತ ಒಂದು ಗೆರೆಯಾಗಿ ಓಡಿತು. ಮರಿ ಕತ್ತು ಸೆಟೆದು ಒದ್ದಿತು, ಟೋಪಿ ಕಳಚಿ ಹುಲ್ಲಿನ ಮೇಲೆ ಬಿತ್ತು. ಒದ್ದೆಯಾಗಿ, ಕುರೂಪಿಯಾಗಿ, ಕಾಲ ಮೇಲೆ ನಿಲ್ಲಲಾರದೆ ಬಿದ್ದು ಬಿದ್ದು ಎದ್ದ ಅದರ ಬೆನ್ನ ಮೇಲೆ ಅವ್ವನ ಕೋಳಿಗೆ ಇದ್ದಂಥದೇ ಚುಕ್ಕೆಗಳಿದ್ದವು. ಆಗ ದುರುಗಮ್ಮ ತಂಗಿಯ ಕೈ ಬಿಟ್ಟಳು.

ವನಜಾಕ್ಷಿ ಖಾಲಿ ಚಿಪ್ಪಿನ ಅರ್ಧವನ್ನು ಎತ್ತಿಕೊಂಡಳು. ಒಳಮೈಗೆ ಉಗುರು ತಾಗಿಸಿದಳು, ಪುಡಿಯಾಗಿ ಉದುರಿತು. ಮರಿಗೆ ಬೇಕಾದದ್ದೆಲ್ಲ ಅದು ಕೊಟ್ಟು ಮುಗಿಸಿತ್ತು. ಬೆರಳ ಸಂದಿನಲ್ಲಿ ಅದನ್ನು ಹಿಡಿದು ನೋಡುತ್ತಿರುವಾಗಲೇ ಚುಕ್ಕಿ ಕತ್ತು ಚಾಚಿ, ಅವಳ ಕೈಯಿಂದ ಚಿಪ್ಪನ್ನು ಕುಕ್ಕಿ ಕುಕ್ಕಿ ಒಡೆದು, ತನ್ನ ಎಲುಬಿನ ಸುಣ್ಣವನ್ನು ತಾನೇ ತಿಂದು ಮುಗಿಸಿತು.